ಕೆಂಪು ಎಳೆಗೆ ಕುಂಕುಮ

ಹೊನ್ನಾವರದ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಕೃಷ್ಣಾನಂದ ಸರ್ ಒಂದು ಕಾನೂನು ಮಾಡಿದ್ದರು: ಪವಿತ್ರಾ ಬಳೆ ತೊಟ್ಟು ಒಳಗೆ ಕಾಲಿಡಬಾರದು. ಹೊಳನಗದ್ದೆಯ ಈ ಹುಡುಗಿ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಅಲ್ಯುಮಿನಾ ಎಂಬ ಬಿಳಿ ಪುಡಿಗೆ ಚಿಟಿಕೆ ಕ್ರೋಮಿಯಂ ಬೆರೆಸಿ, ಕರಗಿಸಿ, ಕೂದಲಿನಷ್ಟು ಸಣ್ಣ ಹರಳಿನ ಎಳೆ ತೆಗೆಯುವುದು, ಅದನ್ನು ಯಂತ್ರಕ್ಕೆ ಕಚ್ಚಿಸಿ ಮುರಿಯುವ ತನಕ ಜಗ್ಗುವುದು ಅವಳ ಕೆಲಸ. ಕ್ರೋಮಿಯಂ ಬಿದ್ದ ಎಳೆ ಮಾಣಿಕ್ಯದ ಹಾಗೆ ಕೆಂಪಗೆ, ಬಲು ಗಟ್ಟಿ. ಆದರೆ ಮೈಮೇಲೆ ಒಂದು ಗೀರು ಬಿದ್ದರೆ ಮುಗಿಯಿತು, ಅಲ್ಲಿಂದಲೇ ಸೀಳು ಹೊರಡುತ್ತದೆ. ಸರ್ ಇದರ ಮೇಲೆಯೇ ದೇಶವಿದೇಶಗಳಲ್ಲಿ ಭಾಷಣ ಮಾಡಿ ಬಂದಿದ್ದರು. ಗಾಜಿನ ಬಳೆ ಈ ಎಳೆಯನ್ನು ಗೀರಲಾರದು ಎಂದು ಗೊತ್ತಿದ್ದೂ ಪವಿತ್ರಾ ಸೊಲ್ಲೆತ್ತಿರಲಿಲ್ಲ.

ಎಳೆ ತೆಗೆಯುವ ಕುಲುಮೆ ಕೆಟ್ಟು ಕೂತಿತ್ತು. ಉಳಿದದ್ದು ಒಂದೇ ಒಂದು ಒಳ್ಳೆಯ ಎಳೆ. ದಸರಾ ರಜೆ ಮುಗಿದೊಡನೆ ಹೊರಗಿನ ಪರೀಕ್ಷಕರ ಮುಂದೆ ಅದನ್ನು ಜಗ್ಗಿ ತೋರಿಸಬೇಕು. ಇಷ್ಟು ಎಂದು ಗೊತ್ತುಮಾಡಿದ ಭಾರ ತಡೆದರೆ ಪದವಿ, ಇಲ್ಲವಾದರೆ ಮತ್ತೆ ಮೊದಲಿನಿಂದ. ಎಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅವಳು ಹಬ್ಬಕ್ಕೆ ಊರಿಗೆ ಹೋದಳು.

ಪರೀಕ್ಷೆಯ ದಿನ ಎಳೆ ಅರ್ಧ ಭಾರಕ್ಕೇ ಟಕ್ಕೆಂದು ತುಂಡಾಯಿತು.

“ಎಂತ ಮಾಡಿದ್ಯೇ ಮಾರಾಯ್ತಿ? ಬಳೆ ಹಾಕ್ಕಂಡಿದ್ಯಾ?” ಎಂದು ಸರ್ ಗದರಿದರು. ಅವಳು ಬರಿಗೈ ತೋರಿಸಿದಳು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೀಳು ಹೊರಟ ಜಾಗದಲ್ಲೊಂದು ಗೀರು, ಪಕ್ಕದಲ್ಲಿ ಎಂಥದೋ ಪುಡಿ ಅಂಟಿದೆ.

“ಅದಾ? ಕುಂಕುಮ,” ಎಂದರು ಸರ್, ಹೆಮ್ಮೆಯಿಂದಲೇ. “ಆಯುಧಪೂಜೆ ದಿವಸ ಲೇತು, ಗರಗಸ, ಕೆಟ್ಟ ಕುಲುಮೆ, ಎಲ್ಲಕ್ಕೂ ಹಚ್ಚಿದೆ. ಇದೊಂದನ್ನ ಹಾಗೇ ಬಿಡೂದು ಹೇಗೆ? ಕೈಯಲ್ಲಿ ಹಿಡ್ಕಂಡು ಒಂದು ಬೊಟ್ಟು ಇಟ್ಟೆ. ಕೆಂಪಿಗೆ ಕೆಂಪು, ಕಾಣೂದಿಲ್ಲ ನೋಡು.”

ಕುಂಕುಮ ಹಚ್ಚುವುದು ಉಂಗುರದ ಬೆರಳಿನಿಂದ. ಸರ್ ಅವರ ಆ ಬೆರಳಿನಲ್ಲಿ ನವರತ್ನದ ಉಂಗುರವಿತ್ತು, ಪ್ರಾಜೆಕ್ಟ್ ಮಂಜೂರಾಗಲಿ ಎಂದು ಜ್ಯೋತಿಷಿ ಹಾಕಿಸಿದ್ದು. ಒಂಬತ್ತರಲ್ಲೊಂದು ವಜ್ರ. ಮಾಣಿಕ್ಯವನ್ನು ಗೀರಲು ವಜ್ರವೇ ಬೇಕು ಎಂದು ಪವಿತ್ರಾಳಿಗೆ ಪಾಠ ಹೇಳಿದವರೂ ಅವರೇ.

ಅವಳು ಉಂಗುರವನ್ನೇ ನೋಡಿದಳು. ಪರೀಕ್ಷಕರೂ ನೋಡಿದರು. ಸರ್ ಕೈ ಪ್ಯಾಂಟಿನ ಜೇಬು ಸೇರಿತು. ಪರೀಕ್ಷಕರು ಮೇಜಿನ ಕೆಳಗೆ ತಮ್ಮ ಬೆರಳಲ್ಲೂ ಇದ್ದ ಉಂಗುರದ ಹರಳನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿಕೊಂಡು, “ಮುರಿದ ಕಾರಣ ತಿಳಿದಿಲ್ಲ ಅಂತ ವರದಿಯಲ್ಲಿ ಬರೆದುಬಿಡಮ್ಮ. ಪಾಸು ಮಾಡೋಣ,” ಎಂದರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಾಗೆ ಬರೆದರೆ ತಪ್ಪು ಎಳೆಯ ತಲೆಗೆ ಬರುತ್ತದೆ. ಮುರಿಯುವುದೇಕೆ ಎಂದು ತಿಳಿಯಲಿಕ್ಕೇ ವರ್ಷಗಟ್ಟಲೆ ಬರಿಗೈಯಲ್ಲಿ ಓಡಾಡಿದವಳು ತಿಳಿದಿಲ್ಲ ಎಂದು ಬರೆಯಬೇಕೆ?

“ತಿಳಿದಿದೆಯಲ್ಲ ಸರ್,” ಎಂದಳು. ‘ಮಾರ್ಗದರ್ಶಕರ ಉಂಗುರದ ವಜ್ರದ ಗೀರು’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಹಾಳೆಯನ್ನೂ ಪೆನ್ನನ್ನೂ ಕೃಷ್ಣಾನಂದರ ಮುಂದೆ ಸರಿಸಿದಳು. “ಸಹಿ ಮಾಡಿ ಸರ್.”

ಪರೀಕ್ಷಕರು ಕಿಟಕಿಯಾಚೆ ನೋಡತೊಡಗಿದರು. ಸರ್ ಬಲಗೈ ಜೇಬಿನೊಳಗೇ ಬಹಳ ಹೊತ್ತು ಒದ್ದಾಡಿತು. ಕೊನೆಗೆ ಹೊರಬಂದು ಸಹಿ ಹಾಕಿತು. ಉಂಗುರ ಜೇಬಿನಲ್ಲೇ ಉಳಿದಿತ್ತು. ಬೆರಳಿನ ಬುಡದಲ್ಲಿ ಅದರ ಬಿಳಿ ಗುರುತು ಮಾತ್ರ ಸೂಕ್ಷ್ಮದರ್ಶಕವಿಲ್ಲದೆಯೂ ಕಾಣುತ್ತಿತ್ತು.