ಕೈಗಂಟಿದ ರಬ್ಬರು

ಗಿರಾಕಿಗಳಿಂದ ವಾಪಸು ಬಂದ ದುರ್ಬೀನುಗಳನ್ನು ಮ್ಯಾನೇಜರು ಕಾರ್ಖಾನೆಯ ಊಟದ ಕೋಣೆಯ ಮೇಜಿನ ಮೇಲೆ ಸಾಲಾಗಿ ಇಡಿಸಿ, ಹೆಣದ ಗುರುತು ಹಿಡಿಯಲು ಕರೆಸಿದ ಹಾಗೆ ಎಲ್ಲರನ್ನೂ ಕರೆಸಿದ. ಒಂದೊಂದೂ ಅಲ್ಲಿ ನಿಂತವರ ವರ್ಷದ ಸಂಬಳವನ್ನು ನುಂಗಿ ನೀರು ಕುಡಿಯುವಂಥ ಮಾಲು. ಗಾಜು ಇನ್ನೂ ಥಳಥಳ ಹೊಳೆಯುತ್ತಿತ್ತು. ಕೆಟ್ಟದ್ದು ಮೈಮೇಲಿನ ಕಪ್ಪು ರಬ್ಬರು. ಕಾರ್ಖಾನೆಯಲ್ಲಿ ಅದನ್ನು ‘ಅಂಗಿ’ ಅನ್ನುತ್ತಿದ್ದರು.

ಎಲ್ಲರೂ ಕಿಡಿ ಎಂದು ಕರೆಯುತ್ತಿದ್ದ ಹುಡುಗ ಒಂದನ್ನು ಎತ್ತಿಕೊಂಡ. ಬೆರಳು ಅಂಟಿಕೊಂಡಿತು. ಬಿಡಿಸಿಕೊಳ್ಳಲು ಹೋದರೆ ರಬ್ಬರು ಕರಗಿದ ಮೇಣದಂತೆ ಎಳೆಎಳೆಯಾಗಿ ಬಂತು. ಕಾಸಿದ್ದವರು ಕೊಂಡು, ಕತ್ತಿಗೆ ನೇತುಹಾಕಿಕೊಂಡು ಮೆರೆದ ಮಾಲು ನಾಲ್ಕು ಬೇಸಿಗೆ ತಾಳಿರಲಿಲ್ಲ. ಅವನಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ.

“ಇದು ಯಾರದು?” ಮ್ಯಾನೇಜರು ಒಂದು ಮುಲಾಮಿನ ಡಬ್ಬಿಯನ್ನು ಎತ್ತಿ ಹಿಡಿದ.

“ನಂದು,” ಎಂದಳು ಕಿಡಿಯ ದೊಡ್ಡಮ್ಮ. “ಯಾಕೆ ಸಾರ್, ನಿಮಗೂ ತುರಿಕೆನಾ?”

ಹೆಂಗಸರು ಕಿಸಕ್ಕೆಂದರು. ಮ್ಯಾನೇಜರು ನಗಲಿಲ್ಲ.

“ಎಣ್ಣೆ ಅಂಶ ತಾಗಿದ್ರೆ ರಬ್ಬರ್ ಕೆಡುತ್ತೆ. ಇದನ್ನ ಮೆತ್ಕೊಂಡು ದಿನಾ ಅಂಗಿ ಮುಟ್ಟಿದೀರಿ, ಮೇಜಿನವರಿಗೆಲ್ಲ ಹಂಚಿದೀರಿ. ಕಂಪನಿ ಹೆಸರು ಮಣ್ಣುಪಾಲಾಯ್ತು.”

ಹೆಡ್ಡಾಫೀಸಿನಿಂದ ಪರೀಕ್ಷೆಗೆಂದು ಬಂದಿದ್ದ ಮೇಡಂ ಮೆಲ್ಲಗೆ, “ಇನ್ನೂ ಖಚಿತ ಇಲ್ಲ ಸಾರ್. ಕೈ ತಾಗದ ಕಡೇನೂ ಅಂಟಾಗಿದೆ,” ಎಂದಳು.

“ಇವರ ಕೈ ತಾಗದ ಕಡೆ ಯಾವ್ದಿದೆ ಮೇಡಂ? ನಾಳೆ ಹತ್ತು ಗಂಟೆಗೆ ತೀರ್ಮಾನ ಮಾಡಿಬಿಡೋಣ.”

ತೀರ್ಮಾನ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮ ಮನೆಗೆ, ಅದೂ ಮಾಲು ಕೆಡಿಸಿದವಳು ಅನ್ನುವ ಹೆಸರು ಹೊತ್ತು.

ಅಚ್ಚಿನಿಂದ ಬಿಸಿಬಿಸಿಯಾಗಿ ಬಂದ ಅಂಗಿಯ ಅಂಚಿನ ಹೆಚ್ಚುವರಿ ರಬ್ಬರನ್ನು ಬ್ಲೇಡಿನಿಂದ ಹೆರೆಯುವುದು ಅವಳ ಮೇಜಿನ ಕೆಲಸ. ಗ್ಲೌಸು ಹಾಕಿದರೆ ಹಿಡಿತ ತಪ್ಪುತ್ತದೆ ಎಂದು ಬರಿಗೈಯಲ್ಲೇ ಮಾಡಿಸುತ್ತಿದ್ದರು. ಕಿಡಿ ಚಿಕ್ಕವನಿದ್ದಾಗ ಆ ಕೈಗಳು ಬಿರಿದು, ಸುಲಿದು, ನೀರು ಒಸರುತ್ತಿದ್ದವು. ಉಪ್ಪು ಮುಟ್ಟಿದರೆ ಪ್ರಾಣ ಹೋದಂತಾಗುತ್ತಿತ್ತು. ಹೆತ್ತವರಿಲ್ಲದ ಅವನಿಗೆ ಅವಳೇ ತಾಯಿ. ಅವನ ಶಾಲೆಯ ಅಂಗಿಯ ಗುಂಡಿ ಹಾಕಲು ಅವಳು ಬೆರಳಿನ ಬದಲು ಹಲ್ಲು ಬಳಸುತ್ತಿದ್ದಳು. ಆಮೇಲೆ, ನಾಲ್ಕೈದು ವರ್ಷದ ಹಿಂದೆ, ಯಾರೋ ಈ ಮುಲಾಮು ಹೇಳಿದರು, ಕೈ ವಾಸಿಯಾಯಿತು. ಅಂದಿನಿಂದ ಅವಳು ಅದರ ಗುಣ ಹಾಡಿದ್ದೇ ಹಾಡಿದ್ದು.

ಏಳನೇ ಕ್ಲಾಸಿಗೇ ಮೇಷ್ಟ್ರ ಜತೆ ಜಗಳವಾಡಿ ಶಾಲೆ ಬಿಟ್ಟವನಿಗೆ ಕಿಡಿ ಅಂತ ಹೆಸರಿಟ್ಟವರು ಆ ಮೇಜಿನ ಹೆಂಗಸರೇ. ಈಗ ಅವನು ಅದೇ ಕಾರ್ಖಾನೆಯ ಮಿಲ್ಲಿನಲ್ಲಿ ದೊಡ್ಡಪ್ಪನ ಕೈಕೆಳಗಿದ್ದ. ಎರಡು ಉರುಳೆಗಳ ನಡುವೆ ರಬ್ಬರನ್ನು ಅರೆದು, ಮಸಿ, ಗಂಧಕ, ಬಾಳಿಕೆ ಪುಡಿ ಬೆರೆಸಿ ಹದಕ್ಕೆ ತರುವ ಕೆಲಸ. ಬಾಳಿಕೆ ಪುಡಿ ಅಂದರೆ ರಬ್ಬರಿಗೆ ಮುಪ್ಪು ಬಾರದಂತೆ ಕಾಯುವ ಪುಡಿ. ದೊಡ್ಡಪ್ಪ ಉಳಿದ ಕೆಲಸವನ್ನೆಲ್ಲ ಅವನಿಗೆ ಕಲಿಸಿದ್ದ. ಪುಡಿ ತೂಗುವುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಆ ಸಂಜೆ ಮನೆಯಲ್ಲಿ ಕಿಡಿ ಸಿಟ್ಟಿನಿಂದ ಕುಣಿದಾಡಿದ.

“ಇಷ್ಟು ವರ್ಷ ಇವರ ಮಾಲಿಗೆ ಅಂಚು ಹೆರೆದ ಕೈ ಅದು! ಈಗ ಕೈಯೇ ಕಳ್ಳನಾ? ಕಳಪೆ ರಬ್ಬರ್ ತರ್ಸಿರ್ತಾರೆ ಬಡ್ಡಿಮಕ್ಕಳು. ದೊಡ್ಡಪ್ಪ, ನೀನಾದ್ರೂ ಒಂದು ಮಾತಾಡಬಾರ್ದಿತ್ತಾ? ಬಾಯಲ್ಲಿ ಏನಿಟ್ಕೊಂಡಿದ್ದೆ?”

ದೊಡ್ಡಪ್ಪ ಗೋಡೆಗೆ ಒರಗಿ ಕೂತಿದ್ದ. ಸದಾ ಏನಾದರೊಂದು ಹೇಳಿ ಚುಡಾಯಿಸುವ ಮನುಷ್ಯ ಇವತ್ತು ಚಾಪೆಯ ಎಳೆ ಕೀಳುತ್ತಿದ್ದ.

“ಹೆಂಡ್ತೀನ ಎಲ್ಲರ ಮುಂದೆ ಕಳ್ಳಿ ಥರ ನಿಲ್ಸಿದಾರೆ. ನಿನಗೆ ಏನೂ ಅನ್ಸಲ್ವಾ?”

“ಸಾಕು ಸುಮ್ಮನಿರೋ,” ಎಂದಳು ದೊಡ್ಡಮ್ಮ. ಅವಳು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. “ಇರಬಹುದೇನೋ. ನನ್ನ ಕೈಯಿಂದ್ಲೇ ಆಗಿರಬಹುದು.”

ಆ ಮಾತು ಕಿಡಿಯ ಎದೆಗೆ ಮುಳ್ಳಿನಂತೆ ನಾಟಿತು. ಬೈದವರ ಮಾತನ್ನು ಬೈಸಿಕೊಂಡವಳೇ ನಂಬಿಬಿಟ್ಟರೆ ಇನ್ನು ಯಾರ ಜತೆ ಜಗಳವಾಡುವುದು?

ಮಾರನೆಯ ದಿನ ಮೂವರೂ ಆಫೀಸಿನಲ್ಲಿ ನಿಂತರು. ಮ್ಯಾನೇಜರು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ತೆರೆದ.

“ಮುಲಾಮಲ್ಲ ಸಾರ್. ಬಾಳಿಕೆ ಪುಡಿ ನಾನು ಹಾಕ್ತಿರಲಿಲ್ಲ. ಹೆಸರಿಗೆ ಒಂದು ಚಿಟಿಕೆ, ಅಷ್ಟೇ.”

ಮ್ಯಾನೇಜರು ಕುರ್ಚಿಯಿಂದ ಎದ್ದ.

“ಮರೆತುಬಿಟ್ಯಾ?”

“ಮರೆವಲ್ಲ. ಗೊತ್ತಿದ್ದೇ ಮಾಡಿದ್ದು.”

“ಮತ್ತೆ ಪುಡಿ ಎಲ್ಲಿ? ಮಾರ್ಕೊಂಡ್ಯಾ?”

“ಕಸದ ಪೀಪಾಯಿಗೆ ಹಾಕ್ದೆ. ಆ ಪುಡಿಯಿಂದ್ಲೇ ಇವರ ಕೈ ಸುಲೀತಿತ್ತು. ಪುಡಿ ಕಮ್ಮಿ ಮಾಡ್ದೆ, ಕೈ ವಾಸಿಯಾಯ್ತು. ಮುಲಾಮು ಏನೂ ಮಾಡ್ಲಿಲ್ಲ. ಅದಕ್ಕೂ ಮೊದಲು ನಿಮ್ಮ ಹತ್ರ ಬಂದು ಹೇಳಿದ್ದೆ ಸಾರ್. ಕೈ ಕೆಟ್ರೆ ಬೇರೆ ಕೈ ತರ್ಸೋಣ ಬಿಡು ಅಂದ್ರಿ.”

“ನಾನಾ? ಯಾವಾಗ?”

ಸುಳ್ಳು ಹೇಳುವವನ ಮುಖವಲ್ಲ ಅದು. ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಒಬ್ಬ ಮನುಷ್ಯ ವರ್ಷಗಟ್ಟಲೆ ನಿದ್ದೆಗೆಟ್ಟು ಹೊತ್ತ ಮಾತು, ಇನ್ನೊಬ್ಬನಿಗೆ ಬಾಯಿ ಮುಕ್ಕಳಿಸಿ ಉಗುಳಿದ ನೀರು.

ಮೇಡಂ ನಿಟ್ಟುಸಿರಿಟ್ಟಳು. “ಹಾಗಾದ್ರೆ ಎಲ್ಲ ಸರಿಹೊಂದುತ್ತೆ. ಒಳಗೂ ಹೊರಗೂ ಒಂದೇ ಥರ ಯಾಕೆ ಕೆಟ್ಟಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಆ ಪುಡಿ ಕೆಲವರ ಚರ್ಮಕ್ಕೆ ಆಗಲ್ಲ ಅನ್ನೋದೂ ನಿಜ. ಬೇರೆ ಜಾತಿ ಪುಡಿ ಸಿಗುತ್ತೆ ಸಾರ್, ಸ್ವಲ್ಪ ದುಬಾರಿ.”

“ಅದೆಲ್ಲ ಆಮೇಲೆ.” ಮ್ಯಾನೇಜರು ದೊಡ್ಡಪ್ಪನಿಗೆ ಬಾಗಿಲು ತೋರಿಸಿದ. ಕಿಡಿಯ ಕಡೆ ತಿರುಗಿ, “ನಾಳೆಯಿಂದ ಮಿಲ್ಲು ನಿಂದು. ಪುಡಿ ಪೂರ್ತಿ ಬೀಳ್ಬೇಕು. ನೀವಮ್ಮಾ, ನೀವು ಹೋಗಿ ಕೆಲಸ ನೋಡ್ಕೊಳ್ಳಿ. ನಿಮ್ಮದೇನೂ ತಪ್ಪಿಲ್ಲ,” ಎಂದ. ಬಹುಮಾನ ಕೊಡುವವನ ದನಿಯಲ್ಲಿ ಹೇಳಿದ.

ಸಂಜೆ ದೊಡ್ಡಮ್ಮ, ಕಿಡಿ ಮನೆ ಸೇರಿದರು. ದೊಡ್ಡಪ್ಪ ಆಗಲೇ ಬಂದು ಚಪ್ಪಲಿಯನ್ನೂ ಬಿಡದೆ ಕೂತಿದ್ದ. ಕಿಡಿ ಅವನ ಕಾಲ ಹತ್ತಿರ ಕುಳಿತ. ಹಿಂದಿನ ಸಂಜೆ ಆಡಿದ ಮಾತಿಗೆ ಅವನಿಗೆ ನಾಚಿಕೆಯಾಗಿತ್ತು. ದೊಡ್ಡಮ್ಮ ಈಗ ಅಳುತ್ತಾಳೆ, ಗಂಡನ ಕಾಲು ಮುಟ್ಟುತ್ತಾಳೆ ಎಂದುಕೊಂಡಿದ್ದ.

“ಊರೆಲ್ಲ ಮುಲಾಮು ಮುಲಾಮು ಅಂತ ಸಾರ್ಕೊಂಡು ಬಂದೆ,” ಎಂದಳು ಅವಳು. “ಒಂದು ದಿನಾನೂ ನಿಮಗೆ ಬಾಯಿ ಬರ್ಲಿಲ್ಲ.”

“ನಿನ್ನ ಕೈ ನೋಡೋಕಾಗ್ತಿರಲಿಲ್ಲ ಕಣೇ.”

“ಕೈ ನಂದು. ನನ್ನ ಕೇಳ್ಬೇಕಿತ್ತು.”

“ಕೇಳಿದ್ರೆ ಬೇಡ ಅಂತಿದ್ದೆ.”

“ಅಂತಿದ್ದೆ! ಬೇಡ ಅನ್ನೋ ಬಾಯಿ ನನಗಿಲ್ವಾ? ನಮ್ಮ ಮೇಜಿಂದ ದಾಟಿದ ಮಾಲು ತಲೆಮಾರು ಬಾಳುತ್ತೆ ಅಂತ ಹೊಸ ಹುಡುಗೀರಿಗೆಲ್ಲ ಹೇಳ್ತಿದ್ದೆ. ನೀವು ಎದುರಿಗೇ ಕೂತು ಊಟ ಮಾಡ್ತಿದ್ರಿ. ಕೊಳೆಯೋ ಮಾಲು ಅಂತ ಗೊತ್ತಿದ್ದೂ!” ಅವಳ ದನಿ ಒಡೆಯಿತು. “ನಿಮ್ಮ ಪ್ರೀತಿ ದೊಡ್ಡದೇ. ಆದ್ರೆ ನೆನ್ನೆ ಊಟದ ಕೋಣೇಲಿ ಎಲ್ಲರ ಮುಂದೆ ನಿಂತಿದ್ದವಳು ನಾನು.”



“ನಾನೂ ಚಿಟಿಕೇನೇ ಹಾಕ್ತೀನಿ,” ಎಂದ ಕಿಡಿ. “ಸಾಯ್ಲಿ ಅವರ ದುರ್ಬೀನು.”

“ಹಾಕಪ್ಪಾ. ನೀನೂ ನಮ್ಮನ್ನ ಕೇಳದೆ ನಮ್ಮ ಮೇಲೆ ದಯೆ ತೋರ್ಸು. ಕೆಟ್ಟ ಮಾಲು ಮತ್ತೆ ವಾಪಸ್ ಬರ್ಲಿ, ಮತ್ತೆ ನಾವು ಸಾಲಾಗಿ ನಿಲ್ತೀವಿ.” ಅವಳು ಎದ್ದು ಗಂಡನ ಚಪ್ಪಲಿ ಬಿಚ್ಚಿ ಮೂಲೆಗಿಟ್ಟಳು. “ಪೂರ್ತಿ ಹಾಕು. ಮುಂದಿಂದು ನಾವು ನೋಡ್ಕೋತೀವಿ.”

ಬೆಳಿಗ್ಗೆ ಅವಳು ಮಿಲ್ಲಿನ ಕೋಣೆಗೇ ಬಂದು ನಿಂತಳು. ಹಿಂದೆ ಮೇಜಿನ ಹೆಂಗಸರೆಲ್ಲ. ಕಿಡಿ ತಕ್ಕಡಿಗೆ ಕಂದು ಬಾಳಿಕೆ ಪುಡಿ ಸುರಿಯತೊಡಗಿದ. ಆ ಹೆಂಗಸರ ಕೈಗಳು ಮತ್ತೆ ಬಿರಿಯುವುದು ಅವನ ಕಣ್ಣಿಗೆ ಕಟ್ಟಿತ್ತು. ಮುಳ್ಳು ಮಧ್ಯಕ್ಕೆ ಬರುವ ಮೊದಲೇ ನಿಲ್ಲಿಸಿದ.

“ಇನ್ನೂ ಇದೆ,” ಎಂದಳು ದೊಡ್ಡಮ್ಮ.

ಪೂರ್ತಿ ಸುರಿದ. ಉರುಳೆಗಳು ಪುಡಿಯನ್ನು ನುಂಗಿದವು.

ಅಚ್ಚಿನಿಂದ ಮೊದಲ ಅಂಗಿಗಳು ಹಬೆಯಾಡುತ್ತ ಬಂದಾಗ ಹೆಂಗಸರು ತಮ್ಮ ಜಾಗದಲ್ಲೇ ಕೂತರು. ಬ್ಲೇಡುಗಳನ್ನು ಡಬ್ಬಿಗೆ ಹಾಕಿ ಮುಚ್ಚಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಒಬ್ಬಳೂ ಅಂಗಿ ಮುಟ್ಟಲಿಲ್ಲ. ಬುಟ್ಟಿ ತುಂಬಿತು, ಮೇಜು ತುಂಬಿತು.

“ಏನ್ರಮ್ಮಾ ಇದು, ಕೈಗೆ ಲಕ್ವ ಹೊಡೀತಾ?” ಅಚ್ಚಿನವನು ಕೂಗಿದ.

“ಹೊಡೀಬಾರ್ದು ಅಂತಾನೇ ಕೂತಿರೋದು,” ಅಂದಳು ಒಬ್ಬಳು.

ಮ್ಯಾನೇಜರು ಓಡಿಬಂದ. ದೊಡ್ಡಮ್ಮ ಕೂತಲ್ಲಿಂದಲೇ ಹೇಳಿದಳು, “ಮೇಡಂ ಹೇಳಿದ ಆ ಇನ್ನೊಂದು ಪುಡಿ ಬರ್ಲಿ ಸಾರ್. ಅಲ್ಲೀತನಕ ಅಂಚು ನೀವೇ ಹೆರೀರಿ.”

“ನಾಳೆ ಹೊಸಬರನ್ನ ಕರೆಸ್ತೀನಿ!”

“ಕರೆಸಿ. ಕೂರ್ಸಿ ಎಲ್ಲ ಹೇಳ್ತೀವಿ ಅವರಿಗೂ. ನಮ್ಮ ಹಳೇ ಗಾಯದ ಕಲೆ ತೋರಿಸ್ತೀವಿ.”

ಮ್ಯಾನೇಜರು ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲೂ ಬಿರುಕು ಕಾಣಲಿಲ್ಲ. ಫೋನು ತೆಗೆದುಕೊಂಡು ಆಫೀಸಿನ ಕಡೆ ನಡೆದ. ಯಾರಿಗೆ ಫೋನು ಮಾಡುತ್ತಾನೋ, ಪುಡಿಯವರಿಗೋ ಪೊಲೀಸರಿಗೋ, ಯಾರಿಗೂ ತಿಳಿಯಲಿಲ್ಲ.

ಕಿಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಹುಟ್ಟಿದಾಗಿನಿಂದ ಸಿಟ್ಟು ಮಾಡಿಕೊಂಡೇ ಬಂದವನು ಇಷ್ಟು ತಣ್ಣನೆಯ ಸಿಟ್ಟನ್ನು ಕಂಡಿರಲಿಲ್ಲ. ತಾನೂ ಅವರ ಜತೆ ಸೇರಬೇಕೆಂದು ಓಡಿಹೋಗಿ ಮಿಲ್ಲಿನ ಗುಂಡಿ ಒತ್ತಿ ಉರುಳೆ ನಿಲ್ಲಿಸಿದ.

ಒಳಗಿನಿಂದ ದೊಡ್ಡಮ್ಮನ ದನಿ ಬಂತು. “ಯಾಕೋ ನಿಲ್ಲಿಸಿದೆ? ಓಡಿಸು. ರಾಶಿ ಬೀಳ್ಲಿ, ಅವರ ಕಣ್ಣಿಗೆ ಕಾಣ್ಲಿ.”

ಕಿಡಿ ಮತ್ತೆ ಗುಂಡಿ ಒತ್ತಿದ.