ಹನ್ನೆರಡು ಚೀಲ ಉಳಿತಾಯ

ನಮ್ಮ ಬೀದಿಯ ನಲ್ಲಿ ನೀರು ಕೊಡುವ ಮುಂಚೆ ಶಿಳ್ಳೆ ಹೊಡೆಯುತ್ತದೆ. ಎರಡು ದಿನಕ್ಕೊಮ್ಮೆ, ಮಧ್ಯಾಹ್ನ ಎರಡು ಗಂಟೆಗೆ, ಮೊದಲು ಅರ್ಧ ಗಂಟೆ ಬರೀ ಗಾಳಿ. ಆಮೇಲೆ ಒಂದಿಷ್ಟು ತುಕ್ಕು. ಆಮೇಲೆ ಒಂದೂವರೆ ಗಂಟೆ ನೀರು. ಅಷ್ಟರಲ್ಲಿ ನಮ್ಮ ಅತ್ತಿಗೆ ಆಸ್ಪತ್ರೆಯ ಎಂಬತ್ತು ಹಾಸುಬಟ್ಟೆ ಒಗೆದು ಜಾಲಿಸಬೇಕು. ಉಳಿದದ್ದರಲ್ಲಿ ಮನೆಯ ಏಳು ಜನ ಕುಡಿದು, ಬೇಯಿಸಿ, ಮೈ ತೊಳೆಯಬೇಕು. ಜಾಲಿಸಿದ ನೀರಲ್ಲಿ ಅವಳು ನೆಲ ಒರೆಸುತ್ತಾಳೆ. ನೆಲ ಒರೆಸಿದ್ದನ್ನು ಕಕ್ಕಸಿಗೆ ಹಾಕುತ್ತಾಳೆ. ನೀರಿಗೆ ಬಾಯಿ ಇದ್ದಿದ್ದರೆ 'ಸಾಕು ತಾಯಿ, ಇನ್ನಾದರೂ ಬಿಟ್ಟುಬಿಡು' ಅನ್ನುತ್ತಿತ್ತು.

ನಾನು ಅದೇ ಬೀದಿಯ ಇಸ್ತ್ರಿಯವನು. ಅವಳು ಒಗೆದದ್ದಕ್ಕೆ ಮಡಿಕೆ ಕೂರಿಸುವುದು ನನ್ನ ಕೆಲಸ.

ಆ ವರ್ಷ ಸುತ್ತಲಿನ ಐದು ಊರುಗಳು ಸೇರಿ ಒಂದು ಗುರಿ ಹಾಕಿಕೊಂಡವು. ಮಳೆ ಕಮ್ಮಿಯಾಗುತ್ತಿದೆ, ಐದೂರಿಗೂ ಇರುವುದು ಒಂದೇ ಜಲಾಶಯ, ಪ್ರತಿಯೊಂದು ಬೀದಿಯೂ ಐದರಲ್ಲಿ ಒಂದು ಪಾಲು ನೀರು ಉಳಿಸಬೇಕು. ಮಾತು ಸರಿಯಾಗಿಯೇ ಇತ್ತು. ಇದನ್ನು ನೋಡಿಕೊಳ್ಳಲು ಬಂದ ಅಧಿಕಾರಿಗೆ ನಾವು ಗುರಿ ಸಾಹೇಬರು ಎಂದು ಹೆಸರಿಟ್ಟೆವು. ಅವರು ಪ್ರತಿ ಬೀದಿಯ ಮೀಟರು ಓದಿಸಿ ಒಂದು ಪಟ್ಟಿ ಅಂಟಿಸಿದರು.

ಐದೂರಲ್ಲೇ ಅತಿ ಹೆಚ್ಚು ನೀರು ಪೋಲು ಮಾಡುವ ಬೀದಿ ಯಾವುದು ಅಂದುಕೊಂಡಿರಿ? ನಮ್ಮದು. ಮಾದರಿ ಬೀದಿ ಬಂಗಲೆಯವರದು. ಅಲ್ಲಿ ಒಂದೊಂದು ಕಾಂಪೌಂಡಿನಲ್ಲೂ ಒಂದೊಂದು ಕೊಳವೆಬಾವಿ. ಹುಲ್ಲಿಗೆ ಎರಡು ಹೊತ್ತು ಸ್ನಾನ, ಕಾರಿಗೆ ಒಂದು ಹೊತ್ತು. ಪಾಪ, ಅವರ ಮೀಟರು ಗೊರಕೆ ಹೊಡೆಯುತ್ತಾ ಬಿದ್ದಿರುತ್ತದೆ.

"ನಾವು ಯಾವಾಗಪ್ಪ ಇಷ್ಟು ಶ್ರೀಮಂತರಾದ್ವಿ?" ಎಂದು ಅತ್ತಿಗೆ ನಕ್ಕಳು.

ಪಟ್ಟಿಯ ಕೆಳಗಿನ ಸಾಲು ಓದಿದ ಮೇಲೆ ನಗು ನಿಂತಿತು. ಪೋಲು ಮಾಡುವ ಬೀದಿಗಳಿಗೆಲ್ಲ ಮುಂದಿನ ತಿಂಗಳಿಂದ ಎರಡು ಗಂಟೆಯ ಬದಲು ಒಂದೇ ಗಂಟೆ. ಅದರಲ್ಲಿ ಅರ್ಧ ಗಂಟೆ ಗಾಳಿಗೇ ಹೋಗುತ್ತದೆ. ಬರಗಾಲದಲ್ಲಿ ಅಧಿಕ ಮಾಸ. ಆಸ್ಪತ್ರೆಯ ಮೇಸ್ತ್ರಿ ಮೊದಲೇ ಹೇಳಿದ್ದ, "ಎಂಬತ್ತು ಆಗಲ್ಲ ಅಂದ್ರೆ ಹೇಳ್ಬಿಡಮ್ಮ, ಮಿಷನ್‌ನಲ್ಲಿ ಒಗೆಯೋರು ಕಾಯ್ತಾ ಕೂತಿದಾರೆ." ಆ ಕೆಲಸ ಹೋದರೆ ಏಳು ಹೊಟ್ಟೆ ಖಾಲಿ. ಅತ್ತಿಗೆ ಸೆರಗು ಬಿಗಿದು ಕಚೇರಿಗೆ ಹೊರಟಳು. ನಾನೂ ಹಿಂದೆಯೇ ಹೋದೆ.

"ಸಾರ್, ನಿಮ್ಮ ಮೀಟರು ಗಾಳಿಗೂ ತಿರುಗುತ್ತೆ. ನೀರಿಗಿಂತ ಜೋರಾಗಿ ತಿರುಗುತ್ತೆ. ಬಂದು ನೋಡಿ."

"ಗಾಳಿ ಅಂತ ನನ್ನ ಪಟ್ಟೀಲಿ ಕಾಲಮ್ಮೇ ಇಲ್ಲಮ್ಮ. ಮೀಟರು ತಿರುಗಿದ್ರೆ ಅದು ನೀರು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ.

"ಐದನೇ ಪಾಲು ಉಳಿಸಿ ತೋರ್ಸಿ, ಶಿಕ್ಷೆ ತೆಗೀತೀನಿ," ಎಂದರು.

"ಮೀಟರು ತಿರುಗಿದ್ರೆ ನೀರು ಅನ್ನೋದನ್ನೂ ಇದನ್ನೂ ಬರೆದು ಕೊಡ್ತೀರಾ?"

ಸಾಹೇಬರಿಗೆ ಬರೆಯುವುದೆಂದರೆ ಪ್ರಾಣ. ಎರಡೂ ಮಾತು ಬರೆದು, ಸಹಿ ಹಾಕಿ, ಕೆಳಗೆ ಒಂದು ಗೆರೆಯನ್ನೂ ಎಳೆದುಕೊಟ್ಟರು.

ಮುಂದಿನ ನೀರಿನ ದಿನ ಅತ್ತಿಗೆ ಅಟ್ಟದಿಂದ ಹಳೆಯ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಇಳಿಸಿದಳು. ಆಸ್ಪತ್ರೆಯ ಮೈಲಿಗೆ ಬಟ್ಟೆ ಬರುವ ಚೀಲಗಳು, ಒಂದರಲ್ಲಿ ಒಬ್ಬ ಆಳು ಕೂರಬಹುದು. ಹನ್ನೆರಡು ಮನೆ, ಹನ್ನೆರಡು ನಲ್ಲಿ, ಹನ್ನೆರಡು ಚೀಲ. ಹೆಂಗಸರು ಚೀಲದ ಬಾಯನ್ನು ನಲ್ಲಿಗೆ ದಾರದಿಂದ ಬಿಗಿದರು. ಬೀದಿ ತುದಿಯ ಮೀಟರಿನ ಮುಂದೆ ನನ್ನನ್ನು ಕೂರಿಸಿದಳು.

"ಐದನೇ ಪಾಲು ತಿರುಗಿದ ತಕ್ಷಣ ಕೂಗು."

"ಏನತ್ತಿಗೆ ಇದು? ಬಿಸಿಲು ತಲೆಗೆ ಏರಿತಾ?"

"ಉಳಿತಾಯ ಕಣೋ. ಬಾಯ್ಮುಚ್ಕೊಂಡು ಮುಳ್ಳು ನೋಡು."

ಎರಡಕ್ಕೆ ಶಿಳ್ಳೆ ಶುರುವಾಯಿತು. ಮೀಟರಿನ ಮುಳ್ಳು ಹುಚ್ಚು ಹಿಡಿದ ಹಾಗೆ ಸುತ್ತಿತು, ಚೀಲಗಳು ಉಬ್ಬಿದವು. ನಾನು ಕೂಗಿದೆ. ನಲ್ಲಿಗಳು ನಿಂತವು, ಬಾಯಿಗಳಿಗೆ ಗಂಟು ಬಿತ್ತು. ಇನ್ನೂ ಒಂದು ಹನಿ ನೀರು ಬಂದಿರಲಿಲ್ಲ.

ಮಾರನೆಯ ದಿನ ಪುರಸಭೆಯ ಸಭಾಂಗಣದಲ್ಲಿ ಐದೂರಿನ ಸಭೆ. ನನ್ನ ಇಸ್ತ್ರಿ ಗಾಡಿಯಲ್ಲಿ ಹನ್ನೆರಡು ಚೀಲ ಹಗ್ಗ ಹಾಕಿ ಕಟ್ಟಿದೆವು. ಅಷ್ಟು ದೊಡ್ಡ, ಅಷ್ಟು ಹಗುರದ ಹೇರನ್ನು ನಾನು ಜನ್ಮದಲ್ಲಿ ತಳ್ಳಿರಲಿಲ್ಲ. ಹಿಂದೆ ಬೀದಿಯ ಹೆಂಗಸರೆಲ್ಲ ನಡೆದರು.

ಬಾಗಿಲ ಕಾವಲುಗಾರ ಅಡ್ಡ ನಿಂತ. "ಏನಮ್ಮ ಇದು?"

"ನೀರು. ಸಾಹೇಬರೇ ತೋರ್ಸಿ ಅಂದಿದ್ದು," ಎಂದು ಸಹಿಯ ಕಾಗದ ಹಿಡಿದಳು.

ವೇದಿಕೆಯ ಮೇಲೆ ಸಾಹೇಬರ ಭಾಷಣ ನಡೆದಿತ್ತು. ಅತ್ತಿಗೆ ಒಂದೊಂದೇ ಚೀಲ ತಂದು ಮೇಜಿನ ಮುಂದೆ ಇಟ್ಟಳು. ಐದನೆಯದಕ್ಕೆ ಭಾಷಣ ತಾನಾಗಿ ನಿಂತಿತು.

"ನಮ್ಮ ಬೀದಿಯ ಐದನೇ ಪಾಲು ಸಾರ್. ಒಂದು ತೊಟ್ಟೂ ಬಳಸಿಲ್ಲ. ನಮಗಿಂತ ಒಣಗಿರೋ ಊರು ಯಾವುದಿದ್ರೂ ಕೊಟ್ಬಿಡಿ."

"ಇದರಲ್ಲಿ ನೀರೆಲ್ಲಮ್ಮ ಇದೆ?"

"ನಿನ್ನೆ ಮೀಟರು ದಾಟಿ ಬಂದಿದೆ ಸಾರ್. ಮೀಟರು ತಿರುಗಿದ್ರೆ ನೀರು ಅಂತ ನಿಮ್ಮ ಸಹಿ ಇದೆ."

"ಅದು ಹಾಗಲ್ಲ. ಇದು ನೀರಲ್ಲ, ದಾಖಲಾದ ಬಳಕೆ."

ಅಳಿಯ ಅಲ್ಲ, ಮಗಳ ಗಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು.

"ಇವನ್ನೆಲ್ಲ ಆಚೆ ಹಾಕು," ಎಂದು ಕಾವಲುಗಾರನಿಗೆ ಹೇಳಿದರು.

ಕಾವಲುಗಾರ ಒಂದು ಚೀಲ ಎತ್ತಿದ. ಮೆಲ್ಲಗೆ ಅದುಮಿ ನೋಡಿದ. ಮತ್ತೆ ಅಲ್ಲೇ ಇಟ್ಟ.

"ಸಾರ್, ನಮ್ಮ ಬೀದಿಗೂ ಶಿಕ್ಷೆ ಆಗಿದೆ. ನಮ್ಮ ನಲ್ಲೀನೂ ಹೀಗೇ ಉಸಿರು ಬಿಡುತ್ತೆ."

"ನಮ್ಮದೂ," ಎಂದು ಟೀ ಹಂಚುತ್ತಿದ್ದ ಹೆಂಗಸು ತಟ್ಟೆ ಕೆಳಗಿಟ್ಟಳು.

ಪಕ್ಕದೂರಿನ ಅಧ್ಯಕ್ಷರ ಡ್ರೈವರು ಬಾಗಿಲಲ್ಲಿ ತಲೆ ತೂರಿಸಿದ. "ನಮ್ಮೂರಲ್ಲಿ ಮುಕ್ಕಾಲು ಗಂಟೆ ಬರೀ ಗಾಳಿ."

ಐದೂರಿಗೂ ಸಮಾನವಾದದ್ದು ಏನೋ ಇದೆ ಎಂದು ಆ ಸಭೆಯಲ್ಲಿ ಮೊದಲ ಸಲ ಗೊತ್ತಾಯಿತು.

ಅತ್ತಿಗೆ ಕಾಗದ ಮೇಜಿನ ಮೇಲೆ ಹರಡಿದಳು. "ಎರಡರಲ್ಲಿ ಒಂದು ಬರೀರಿ ಸಾರ್. ಇದು ನೀರಾದ್ರೆ ನಾವು ಗುರಿ ಮುಟ್ಟಿದೀವಿ, ಶಿಕ್ಷೆ ತೆಗೀರಿ. ಗಾಳಿ ಆದ್ರೆ ಪಟ್ಟಿ ಹರೀರಿ."

ಸಾಹೇಬರ ಪೆನ್ನು ಜೇಬಿನಿಂದ ಹೊರಬರಲಿಲ್ಲ. ಅತ್ತಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಪಕ್ಕದಲ್ಲಿ ಟೀ ಹೆಂಗಸು, ಅವಳ ಹಿಂದೆ ನಮ್ಮ ಬೀದಿ. ಕಾವಲುಗಾರ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ.

"ನಿಧಾನಕ್ಕೆ ಯೋಚನೆ ಮಾಡಿ ಬರೀರಿ ಸಾರ್," ಎಂದಳು ಅತ್ತಿಗೆ. "ಕಾಯೋದನ್ನ ನಿಮ್ಮ ನಲ್ಲೀನೇ ನಮಗೆ ಕಲಿಸಿದೆ."