ಸೋಪು ಓಡುತ್ತಿದ್ದ ಮೂಲೆ

ಬಿಸಿ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ, ನೆನೆದ ಬರ್ಚ್ ಮರದ ಎಲೆ, ಟಾರ್ ಸೋಪು — ಏಳು ವರ್ಷದವಳಿದ್ದಾಗಿನದು, ಈಗೆಲ್ಲಿಂದ ಬಂತು, ಬಚ್ಚಲುಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತಿದ್ದೇನೆ, ಒಳಗೆ ಆರ್ವೊ ಮಂಡಿಯೂರಿ ನೆಲದ ಹಳೆಯ ಲಿನೋಲಿಯಂ ಹಾಸು ಎಬ್ಬಿಸುತ್ತಿದ್ದಾನೆ, ಹಸಿರಿನಡಿ ಕಂದು, ಕಂದಿನಡಿ ಹಲಗೆ, ಹಲಗೆಯಿಂದಲೇ ಇರಬೇಕು, ಮರ ಇಷ್ಟು ಕಾಲ ವಾಸನೆ ಹಿಡಿದಿಟ್ಟುಕೊಳ್ಳುತ್ತದೆಯೇ, ಯಾರನ್ನು ಕೇಳಲಿ. ಟೀಚರ್, ಥಂಡಿ ಹೊಡೀತಿದೆ, ಶಾಲು ಹೊದ್ಕೊಳ್ಳಿ, ಅನ್ನುತ್ತಾನೆ ತಲೆಯೆತ್ತದೆ, ನನ್ನ ತರಗತಿಯಲ್ಲಿ ವರ್ಷವಿಡೀ ಮೂಗು ಸುರಿಸಿಕೊಂಡಿದ್ದವನು, ಈಗ ನನಗೇ ಉಪದೇಶ. ಮಟ್ಟದ ಕೋಲು ಇಟ್ಟು ನೋಡುತ್ತಾನೆ, ಗಾಜಿನೊಳಗಿನ ಗುಳ್ಳೆ ಒಂದು ತುದಿಗೆ ಹೋಗಿ ಕುಳಿತುಬಿಡುತ್ತದೆ, ಆ ಮೂಲೆ ಇಳಿದಿದೆ, ಕೆಳಗಿನ ತೊಲೆ ಕೊಳೆತಿದ್ರೆ ಕಷ್ಟ ಟೀಚರ್, ಎಲ್ಲಾ ಬಿಚ್ಚಬೇಕು, ಚಳಿಗಾಲ ಪೂರ್ತಿ ಹಿಡಿಯುತ್ತೆ — ಚಳಿಗಾಲ ಪೂರ್ತಿ ಐಲಿ ಆ ಶುಶ್ರೂಷಾಲಯದಲ್ಲೇ, ನನ್ನ ಅಕ್ಕ, ಇದೇ ಇಳಿಜಾರಿನಲ್ಲಿ ಗಾಲಿಯ ನಡೆಗೋಲು ತಾನೇ ಮುಂದೆ ಓಡಿ ಅವಳನ್ನು ಕೆಡವಿ ಸೊಂಟ ಮುರಿಯಿತು, ನೆಲ ಮಟ್ಟವಾಗೋವರೆಗೂ ಮನೆಗೆ ಕಳಿಸಲ್ಲ ಅಂದುಬಿಟ್ಟಳು ಅಲ್ಲಿನ ನರ್ಸ್. ಲೆಂಪಿ, ಇಲ್ಲಿಯ ಕಾಫಿಯಲ್ಲಿ ಲೋಟದ ತಳ ಕಾಣುತ್ತೆ ಕಣೆ, ಇವರಿಗೆ ನಾಚಿಕೆ ಬೇಡ್ವಾ, ಅಂತ ಐಲಿ ಫೋನಿನಲ್ಲಿ ನನ್ನ ಹತ್ತಿರ ಬೈಯುತ್ತಾಳೆ, ಆಮೇಲೆ ನೆಲ ಆಯ್ತಾ ಅಂತ ಕೇಳುತ್ತಾಳೆ, ಆ ಕೇಳುವುದೇ ನನಗೆ ಭಯ. ಇಲ್ಲಿ ನಾನೊಬ್ಬಳೇ ಪ್ಯಾಸ್ಟಿ ಮಾಡಿಕೊಳ್ಳುತ್ತೇನೆ, ಮಾಂಸ ಆಲೂಗಡ್ಡೆ ತುಂಬಿ ಕಡುಬಿನಂತೆ ಮಡಚುತ್ತೇನೆ, ಅಂಚಿಗೆ ನನ್ನ ಹೆಸರಿನ ಮೊದಲ ಅಕ್ಷರ ಒತ್ತುತ್ತೇನೆ, ಗಣಿಯ ಕತ್ತಲಲ್ಲಿ ಯಾರ ಊಟ ಯಾರದೆಂದು ತಿಳಿಯಲಿ ಅಂತ ಅಮ್ಮ ಅಪ್ಪನದಕ್ಕೆ ಒತ್ತುತ್ತಿದ್ದಳಲ್ಲ ಹಾಗೆ, ತಿನ್ನುವವಳು ಒಬ್ಬಳೇ ಇರುವಾಗ ಅಕ್ಷರ ಯಾಕೆ, ಕೈಗೆ ಗೊತ್ತಾಗುವುದಿಲ್ಲ.

ಆದರೆ ಆ ಮೂಲೆಯೇ ಯಾಕೆ — ಶನಿವಾರದ ಸ್ನಾನ, ಇದು ಆಗ ಬಿಸಿ ಆವಿಯಲ್ಲಿ ಮೀಯುವ ಸೌನಾದ ಕೋಣೆ, ತಾಮ್ರದ ಗಣಿಯಿಂದ ಕೆಂಪು ಧೂಳು ಮೆತ್ತಿಕೊಂಡು ಬಂದ ಅಪ್ಪ ಮೊದಲು, ಆಮೇಲೆ ನಾವಿಬ್ಬರು, ಸೋಪು ಕೈಜಾರಿ ಅದೇ ಮೂಲೆಗೆ, ಓಡ್ತು ಓಡ್ತು, ಹಿಡಿಯೇ, ಅಂತ ಐಲಿಯ ಕಿರುಚಾಟ, ಒದ್ದೆ ಹಲಗೆಯ ಮೇಲೆ ಅವಳ ಬರಿಗಾಲು — ತಾಳು, ಆಗ ಮನೆ ಹೊಸದು, ಹೊಸ ಮನೆಯ ತೊಲೆ ಕುಸಿಯುವುದುಂಟೆ, ಒಂದು ಸ್ಟೂಲು ಅಲ್ಲಾಡಿದರೂ ಊಟ ಬಿಟ್ಟೇಳುತ್ತಿದ್ದ ಅಪ್ಪ ಸೊಟ್ಟ ನೆಲ ಹಾಕಿಯಾನೆ, ಸೋಪಿನ ಹಿಂದೆ ನೀರೂ ಹೋಗುತ್ತಿತ್ತು, ಹೋಗಿ ಎಲ್ಲಿ ಮಾಯವಾಗುತ್ತಿತ್ತು. ಆರ್ವೊ, ಆ ಮೂಲೆಯಲ್ಲಿ ಒಂದು ತೂತಿರಬೇಕು ನೋಡೋ. ಅವನು ತಟ್ಟಿದ, ತಗಡಿನ ಸದ್ದು, ಮೊಳೆ ಕಿತ್ತು ತಗಡೆತ್ತಿದರೆ ಅಂಗೈಯಗಲದ ತೂತು, ಟಾರ್ಚು ಹಾಕಿ ಕೆನ್ನೆಯನ್ನು ನೆಲಕ್ಕಂಟಿಸಿ ಎಷ್ಟೋ ಹೊತ್ತು ನೋಡಿದ. ತೊಲೆ ಕಬ್ಬಿಣದ ಹಾಗಿವೆ ಟೀಚರ್, ಏನೂ ಬಿಚ್ಚೋದು ಬೇಡ, ನಿಮ್ಮ ತಂದೆ ನೀರು ಹೋಗ್ಲಿ ಅಂತ ಬೇಕಂತಲೇ ಇಳಿಜಾರು ಕೊಟ್ಟಿದಾರೆ, ಈ ತೂತು ಮುಚ್ಚದೆ ನೆಲ ಮಟ್ಟ ಮಾಡೋ ಗಾರೆ ಸುರಿದಿದ್ರೆ ಅಷ್ಟೂ ನೆಲಮಾಳಿಗೆಗೆ, ನನ್ನ ಹೆಂಡ್ತಿ ಊರೆಲ್ಲಾ ಸಾರಿ ನಗ್ತಿದ್ಲು. ಸಿಲ್ವಿ ನಗಲಿ ಬಿಡೋ, ಅಂದೆ, ಅವನು ಬಕೆಟ್ಟಿನ ಕಡೆ ತಿರುಗಿಕೊಂಡ.

ತೂತು ಬಿಗಿಯಾಗಿ ಮುಚ್ಚಿ, ಹಲಗೆಗೆ ಅಂಟು ಬಳಿದು, ಜಾಲರಿ ಹಾಸಿ, ಈಗ ಸುರಿಯುತ್ತಿದ್ದಾನೆ, ತೆಳು ಅಂಬಲಿಯಂಥ ಬೂದು ಗಾರೆ, ಯಾರೂ ತಳ್ಳದೆ ತಾನೇ ಹೊರಟಿದೆ ಸೋಪಿನ ದಾರಿ ಹಿಡಿದು ಆ ಮೂಲೆಗೆ, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ, ಓಡ್ತು, ಓಡ್ತು, ಮೂಲೆ ತುಂಬಿತು, ತಿರುಗಿ ಬಾಗಿಲವರೆಗೆ ಬಂತು, ನಿಂತಿತು, ಕಿಟಕಿಯ ಬೆಳಕು ಅದರ ಮೇಲೆ ಅಲುಗದೆ ಮಲಗಿದೆ, ಅಪ್ಪ, ನಿಮ್ಮ ಇಳಿಜಾರು ಒಳಗೇ ಇದೆ, ಐಲಿ ಇದರ ಮೇಲೆ ನಡೆಯುತ್ತಾಳೆ. ಒಣಗೋವರೆಗೂ ಕಾಲಿಡಬೇಡಿ ಟೀಚರ್, ಅಂದು ಆರ್ವೊ ಕೈತೊಳೆದು ಟ್ರಕ್ಕಿಗೆ ಹೋಗಿಬಂದ, ಬಟ್ಟೆಗಂಟೊಂದನ್ನು ನನ್ನ ಮಡಿಲಲ್ಲಿಟ್ಟ, ಸಿಲ್ವಿ ಬೆಳಿಗ್ಗೆಯೇ ಬೇಯಿಸಿರಬೇಕು, ತೊಲೆ ಗಟ್ಟಿಯಿದೆ, ಐಲಿ ಬೇಗ ಮನೆಗೆ ಬರಬಹುದು ಅಂತ ಯಾರಿಗೂ ಗೊತ್ತಿಲ್ಲದಾಗಲೇ, ಎರಡು ಪ್ಯಾಸ್ಟಿ, ಒಂದರ ಅಂಚಿನಲ್ಲಿ ನನ್ನ ಅಕ್ಷರ, ಇನ್ನೊಂದರ ಅಂಚಿನಲ್ಲಿ, ಹಿಟ್ಟಿನಲ್ಲಿ ಆಳವಾಗಿ ಒತ್ತಿ ಕೆಂಪಗೆ ಬೆಂದ, ಐಲಿಯ ಅಕ್ಷರ —